ಪದಚರ್ಚೆ: ‘ವೈರಲ್ ಆಗು’ ಎನ್ನಲು ‘ಹಬ್ಬು’ ಸಾಕೇ?

ಪ್ರಶ್ನೆ: ಬೆಂಗಳೂರಿನ ಪತ್ರಿಕೆಗಳು ‘ವಿಡಿಯೊ ವೈರಲ್ ಆಗಿದೆ’ ಎಂದೇ ಬರೆಯುತ್ತವೆ. ‘ಹರಡಿದೆ’ ಎಂದರೆ ಅರ್ಥ ಕೆಡುತ್ತದೆಯೇ? ಶೇರ್, ಫಾರ್ವರ್ಡ್ ಎರಡಕ್ಕೂ ‘ಹಂಚು’ ಆದೀತೇ?

ಉತ್ತರ: ಕೆಡುವುದಿಲ್ಲ, ಸಡಿಲವಾಗುತ್ತದೆ. ರಾಗಿಯನ್ನು ಬಿಸಿಲಿಗೆ ಹರಡಲು ಒಬ್ಬರೇ ಸಾಕು. ಟಿವಿ ಸುದ್ದಿ ಒಂದೇ ಕಡೆಯಿಂದ ಲಕ್ಷ ಜನಕ್ಕೆ ಮುಟ್ಟಿದರೆ ಅದು ಬಿತ್ತರ. ವೈರಲ್ ಎನ್ನಬೇಕಾದರೆ ಪಡೆದವರೇ ಮತ್ತೆ ಕೊಡುವವರಾಗಬೇಕು. ‘ಹಬ್ಬು’ವಿನಲ್ಲಿ ಆ ಅರ್ಥವಿದೆ: ಬೆಂಕಿ ಹಬ್ಬುವಾಗ ಹತ್ತಿಕೊಂಡದ್ದೇ ಪಕ್ಕದ್ದಕ್ಕೆ ಹತ್ತಿಸುತ್ತದೆ. ಜೊತೆಗೆ ‘ಆರು’ ಎಂಬ ಎದುರುಪದವೂ ಸಿದ್ಧವಾಗಿ ಸಿಗುತ್ತದೆ, ‘ಹರಡು’ವಿಗೆ ಆ ಅನುಕೂಲವಿಲ್ಲ.

ಲೆಕ್ಕ ಹಾಕಿ ನೋಡಿ. 20 ಜನ ನೋಡಿದ ವಿಡಿಯೊವನ್ನು 2 ಮಂದಿ ಮಾತ್ರ ತಲಾ 5 ಜನಕ್ಕೆ ಕಳಿಸಿದರೆ ಮುಂದಿನ ಸುತ್ತಿಗೆ 10, ಅದೇ ಪ್ರಮಾಣದಲ್ಲಿ ಆಮೇಲೆ 5. ಆರಿತು. 6 ಮಂದಿ ಕಳಿಸಿದರೆ 30, ಆಮೇಲೆ 45. ಹಬ್ಬಿತು. ವಾಟ್ಸಾಪ್ 2018ರಲ್ಲಿ ಭಾರತದಲ್ಲಿ ಒಮ್ಮೆಗೆ 5 ಚಾಟ್‌ಗಳ ಮಿತಿ ಹಾಕಿದ್ದು ಈ ಗುಣಕವನ್ನು, ಅಂದರೆ ಒಂದು ಸುತ್ತಿನಿಂದ ಮುಂದಿನ ಸುತ್ತಿಗೆ ಎಷ್ಟು ಪಟ್ಟು ಜನ ಎಂಬುದನ್ನು, ತಗ್ಗಿಸಲಿಕ್ಕೇ. 2020ರ ಏಪ್ರಿಲ್‌ನಿಂದ, ಈಗಾಗಲೇ ಐದು ಕೈ ದಾಟಿ ಬಂದ ಸಂದೇಶವನ್ನು ಒಮ್ಮೆಗೆ ಒಂದೇ ಚಾಟ್‌ಗೆ ಕಳಿಸಬಹುದು. ಅದರ ಮೇಲೆ ಜೋಡಿ ಬಾಣದ ಗುರುತಿರುತ್ತದೆ. ಪಠ್ಯವನ್ನು ಕಾಪಿ ಮಾಡಿ ಹೊಸದಾಗಿ ಅಂಟಿಸಿದರೆ ಗುರುತೂ ಇಲ್ಲ, ಎಣಿಕೆಯೂ ಇಲ್ಲ.

ಇದೇ ಕಾರಣಕ್ಕೆ ಫಾರ್ವರ್ಡ್‌ಗೆ ‘ದಾಟಿಸು’ ಒಪ್ಪುತ್ತದೆ: ಒಬ್ಬರಿಂದ ಬಂದದ್ದನ್ನು ಇನ್ನೊಬ್ಬರಿಗೆ ದಾಟಿಸುವುದು. ಶೇರ್‌ಗೆ ‘ಹಂಚು’ ಇರಲಿ. ಹಂಚಿದರೆ ಕೈಯಲ್ಲಿದ್ದದ್ದು ಕಡಿಮೆಯಾಗಬೇಕಲ್ಲ ಎಂಬ ತಕರಾರು ಹಳೆಯದು, ಬಳಕೆ ಅದನ್ನು ಗೆದ್ದಾಗಿದೆ.

‘ಹಬ್ಬಿಸು’ ಬರೆಯುವಾಗ ಮಾತ್ರ ಎಚ್ಚರ. ‘ಸುದ್ದಿ ಹಬ್ಬಿತು’ ಎಂದರೆ ವಿವರಣೆ, ‘ಸುದ್ದಿ ಹಬ್ಬಿಸಿದರು’ ಎಂದರೆ ಆರೋಪ. ‘ವದಂತಿ’ಯನ್ನೂ ವೈರಲ್‌ಗೆ ಸಾಟಿಯಾಗಿ ಬಳಸಬೇಡಿ. 2012ರ ಆಗಸ್ಟ್‌ನಲ್ಲಿ ಈಶಾನ್ಯ ರಾಜ್ಯಗಳ ಸಾವಿರಾರು ಜನ ಬೆಂಗಳೂರಿನಿಂದ ಗುವಾಹಟಿ ರೈಲು ಹತ್ತುವಂತೆ ಮಾಡಿದ್ದು ವದಂತಿ. ಆಗ ಕೇಂದ್ರ ಸರ್ಕಾರ ಒಟ್ಟೊಟ್ಟಿಗೆ ಕಳಿಸುವ ಎಸ್‌ಎಂಎಸ್‌ಗಳಿಗೆ 5ರ ಮಿತಿ ಹಾಕಿತ್ತು. ಆದರೆ ಮಳೆಯಲ್ಲಿ ಮುಳುಗಿದ ಅಂಡರ್‌ಪಾಸ್‌ನ ನಿಜವಾದ ವಿಡಿಯೊ ಕೂಡ ಹಬ್ಬುತ್ತದೆ. ವದಂತಿ ಎನ್ನುವುದು ಸುದ್ದಿಯ ಗುಣ, ಹಬ್ಬುವುದು ಅದರ ನಡೆ.

ಎಡವಟ್ಟಾಗುವುದು ವಿಶೇಷಣದಲ್ಲಿ. ‘ಹಬ್ಬಿದ ವಿಡಿಯೊ’ ತಲೆಬರಹಕ್ಕೆ ಸಪ್ಪೆ. ‘ಅಂಟು ವಿಡಿಯೊ’ ಎಂದರೆ ಜನ ನಗುತ್ತಾರೆ. ಅಲ್ಲಿ ‘ವೈರಲ್ ವಿಡಿಯೊ’ ಎಂದೇ ಇಟ್ಟುಕೊಳ್ಳಿ, ಕ್ರಿಯಾಪದ ಬಂದಾಗ ‘ಹಬ್ಬಿದೆ’ ಬರೆಯಿರಿ.