ಕೈದಿ, ಸೆರೆ, ದಸ್ತಗಿರಿ, ಬಂಧನ: ಯಾವುದನ್ನು ಎಲ್ಲಿ ಬರೆಯೋದು?

ಟೈಪಿಂಗ್ ಅಂಗಡಿ, ಹಾಸನ
ಹಾಸನದಲ್ಲಿ ನನ್ನದೊಂದು ಸಣ್ಣ ಟೈಪಿಂಗ್ ಅಂಗಡಿ. ಅರ್ಜಿ, ಅಫಿಡವಿಟ್ಟು, ಬಾಡಿಗೆ ಕರಾರು, ಇವೇ ಜಾಸ್ತಿ. ಮೊನ್ನೆ ಬೇಲೂರು ಕಡೆಯ ಒಬ್ಬ ಅಮ್ಮ ಬಂದಿದ್ದರು. ಮಗ ಜೈಲಿನಲ್ಲಿದ್ದಾನೆ, ಕೇಸು ಇನ್ನೂ ನಡೆಯುತ್ತಿದೆ. ಅವನ ಬೆಳೆಸಾಲದ ಕಂತಿಗೆ ಟೈಮು ಕೇಳಿ ಬ್ಯಾಂಕಿಗೆ ಪತ್ರ ಬೇಕಿತ್ತು. "ನನ್ನ ಮಗ ಕೈದಿಯಾಗಿರುವುದರಿಂದ" ಅಂತ ಓದಿ ಹೇಳಿದ ಕೂಡಲೇ ಅವರು, "ಕೈದಿ ಅಂತ ಬೇಡ ಕಣಪ್ಪ, ಇನ್ನೂ ತೀರ್ಪೇ ಆಗಿಲ್ಲ" ಅಂದರು. "ದಸ್ತಗಿರಿಯಲ್ಲಿದ್ದಾನೆ" ಅಂದರೆ ಸರಿಯಾ? "ಸೆರೆಯಲ್ಲಿದ್ದಾನೆ" ಅಂದರೆ ಪೌರಾಣಿಕ ನಾಟಕದ ಹಾಗೆ ಕೇಳುತ್ತದೆ. ತಿಳಿದವರು ಹೇಳಿ.

ನಿವೃತ್ತ ಶಿರಸ್ತೇದಾರ, ಚಿಕ್ಕಮಗಳೂರು
"ದಸ್ತಗಿರಿಯಲ್ಲಿದ್ದಾನೆ" ಆಗೋದಿಲ್ಲ. ದಸ್ತಗಿರಿ ಅಂದರೆ ಹಿಡಿದ ಆ ಗಳಿಗೆ ಮಾತ್ರ. ಪಾರ್ಸಿ ಮಾತು, ದಸ್ತ್ ಅಂದರೆ ಕೈ. ಹಿಡಿದಲ್ಲಿಗೆ ಅದರ ಕೆಲಸ ಮುಗಿಯಿತು. ಬಂಧನ ಎರಡಕ್ಕೂ ಬರುತ್ತದೆ, ಹಿಡಿಯುವುದಕ್ಕೂ, ಹಿಡಿದು ಇಟ್ಟುಕೊಳ್ಳುವುದಕ್ಕೂ. ಅದರಿಂದಲೇ ಗೊಂದಲ. ಪೇಪರಿನಲ್ಲಿ "ಬಂಧನ" ಅಂತ ಓದಿ ಜನ ಚರ್ಚೆ ಮಾಡುವ ಹೊತ್ತಿಗೆ ಸಿಕ್ಕಿಬಿದ್ದವನು ಜಾಮೀನು ಪಡೆದು ಮನೆಯಲ್ಲಿ ಊಟ ಮಾಡುತ್ತಿರುತ್ತಾನೆ!

ಹಿಡಿದವರನ್ನು, ದಾರಿಯ ಹೊತ್ತು ಬಿಟ್ಟು, 24 ಗಂಟೆಯೊಳಗೆ ಮ್ಯಾಜಿಸ್ಟ್ರೇಟ್ ಮುಂದೆ ನಿಲ್ಲಿಸಬೇಕು. ಸಂವಿಧಾನದ 22ನೇ ವಿಧಿ. ಅಲ್ಲಿಂದ ಜೈಲಿಗೆ ಕಳಿಸಿದರೆ ನ್ಯಾಯಾಂಗ ಬಂಧನ, ಪೊಲೀಸರ ಕೈಗೇ ಕೊಟ್ಟರೆ ಪೊಲೀಸ್ ಕಸ್ಟಡಿ.

ಆ ತಾಯಿ ಹೇಳಿದ್ದರಲ್ಲಿ ನ್ಯಾಯವಿದೆ. "ವಿಚಾರಣಾಧೀನ ಕೈದಿ" ಅನ್ನೋ ಮಾತು ಇದೆ, ಆದರೆ ಊರಿನವರು ಮೊದಲ ಪದ ಬಿಟ್ಟು ಎರಡನೆಯದನ್ನೇ ಓದುತ್ತಾರೆ. "ನ್ಯಾಯಾಂಗ ಬಂಧನದಲ್ಲಿದ್ದಾನೆ" ಅಂತ ಬರೆಯಿರಿ. ಹುಡುಗ ಎಲ್ಲಿದ್ದಾನೆ ಅಂತ ಗೊತ್ತಾದರೆ ಬ್ಯಾಂಕಿಗೆ ಸಾಕು.

ಕಾಫಿ ತೋಟ, ಸಕಲೇಶಪುರ
ಸೆರೆ ನಾಟಕದ ಮಾತು ಅಂತ ಯಾರು ಹೇಳಿದ್ದು ಸ್ವಾಮಿ? ನಮ್ಮ ಕಡೆ ಪೇಪರ್ ಬಿಡಿಸಿದರೆ "ಕಾಡಾನೆ ಸೆರೆ". ಆನೆಯನ್ನು ಯಾರೂ ಬಂಧಿಸೋದಿಲ್ಲ, ಬಂಧನಕ್ಕೆ ಒಂದು ಆರೋಪ ಬೇಕು. ಸೆರೆಗೆ ಸಿಕ್ಕಿಬಿದ್ದರೆ ಸಾಕು. ಹಳೇಬೀಡಿನ ಮೂರನೇ ವೀರಬಲ್ಲಾಳನೂ ಕೊನೆಗೆ ಮಧುರೆ ಸುಲ್ತಾನನಿಗೆ ಸೆರೆ ಸಿಕ್ಕವನೇ. ದಸರಾ ಅಂಬಾರಿ ಹೊತ್ತ ಅರ್ಜುನನನ್ನು 1968ರಲ್ಲಿ ಕಾಕನಕೋಟೆಯ ಖೆಡ್ಡಾದಲ್ಲಿ ಸೆರೆ ಹಿಡಿದಿದ್ದರು. ಅವನೇ 2023ರ ಡಿಸೆಂಬರ್ 4ರಂದು ನಮ್ಮ ಯಸಳೂರು ವಲಯದಲ್ಲಿ ಇನ್ನೊಂದು ಆನೆ ಹಿಡಿಯೋಕೆ ಹೋಗಿ ಸತ್ತ. ಅಷ್ಟು ವರ್ಷ ಸೆರೆಯಲ್ಲಿದ್ದರೂ ಅವನಿಗೆ ಕೈದಿ ಅನ್ನೋಕೆ ಬಾಯಿ ಬರಲ್ಲ, ಅಲ್ವಾ? ತೋಟದಲ್ಲಿ ಮಾತಾಡುವಾಗ ನಾವು ಸುಮ್ನೆ "ಆನೆ ಹಿಡಿದ್ರು" ಅಂತೀವಿ, ಅದು ಬೇರೆ.

ಧಾರವಾಡದ ಸೊಸೆ, ಹಾಸನ
ನಮ್ಮ ತವರಿನ ಕಡೆ ಸೆರೆ ಅಂದರೆ ಕುಡಿಯೋದ್ರಿ! "ಮಗನ ಸೆರೆ ಬಿಡಿಸಬೇಕು" ಅಂತ ಬರೆದರೆ ಬ್ಯಾಂಕಿನವರು ಬೇರೇನೇ ತಿಳಿದಾರು.

ಟೈಪಿಂಗ್ ಅಂಗಡಿ, ಹಾಸನ
"ನ್ಯಾಯಾಂಗ ಬಂಧನದಲ್ಲಿದ್ದಾನೆ" ಅಂತಲೇ ಹಾಕಿದೆ, ಅಮ್ಮ ಒಪ್ಪಿದರು. ಸಾರ್, ಇನ್ನೊಂದು. ಬಂದಿ ಅಂತ ಬರೆಯೋದಾ, ಬಂಧಿ ಅಂತಲಾ?

ನಿವೃತ್ತ ಶಿರಸ್ತೇದಾರ, ಚಿಕ್ಕಮಗಳೂರು
ಒಳಗಿರುವ ಆಳಿಗೆ ಬಂದಿ, ಅಲ್ಪಪ್ರಾಣ. ಬಂದೀಖಾನೆಗೂ ಅದೇ. ಬಂಧನಕ್ಕೆ ಮಾತ್ರ ಮಹಾಪ್ರಾಣ. ಕಾಗದಪತ್ರಗಳಲ್ಲಿ ಎರಡೂ ಕಾಣುತ್ತವೆ, ಅದಕ್ಕೆ ನಾನು ಹೊಣೆಯಲ್ಲ.