ಓಕಿಚೋಬಿ ಸರೋವರದಲ್ಲಿ ಪಾಚಿ ಏಕೆ ನಿಲ್ಲುತ್ತಿಲ್ಲ?

ಪ್ರಶ್ನೆ: ಫ್ಲಾರಿಡಾದ ಓಕಿಚೋಬಿ ಸರೋವರಕ್ಕೆ ಹೊಲ, ಹುಲ್ಲುಗಾವಲುಗಳಿಂದ ಹರಿದುಬರುವುದೂ ಸೇರಿ ಒಟ್ಟು ರಂಜಕವನ್ನು (ಪಾಚಿಯನ್ನೂ ಬೆಳೆಸುವ, ಗೊಬ್ಬರದಲ್ಲಿರುವ ಪೋಷಕಾಂಶ) ವರ್ಷಕ್ಕೆ 140 ಮೆಟ್ರಿಕ್ ಟನ್ನಿಗೆ ಇಳಿಸುವ ಗುರಿ 2001ರಲ್ಲೇ ನಿಗದಿಯಾಗಿದ್ದರೂ, ಬೇಸಿಗೆಯ ಪಾಚಿ ಏಕೆ ನಿಂತಿಲ್ಲ?

ಉತ್ತರ 1: ಹೊಸ ಗೊಬ್ಬರವನ್ನು ತಡೆದರೂ, ದಶಕಗಳಿಂದ ತಳದ ಕೆಸರಿನಲ್ಲಿ ಸೇರಿಕೊಂಡಿರುವ ರಂಜಕವು ಗಾಳಿಗೆ ನೀರು ಕಲಕಿದಾಗಲೆಲ್ಲ ಮೇಲೇಳುತ್ತದೆ, ಅಷ್ಟು ವಿಶಾಲ ಸರೋವರದ ಸರಾಸರಿ ಆಳ ಸುಮಾರು 9 ಅಡಿ ಮಾತ್ರ.

ಉತ್ತರ 2: ಮೇಲಿನವರ ಮಾತು ಸರಿ, ಆದರೆ ನನ್ನ ದೃಷ್ಟಿಯಲ್ಲಿ ನೀರಿನ ಮಟ್ಟವೇ ಹೆಚ್ಚು ಕಠಿಣ ಪ್ರಶ್ನೆ. ಮಟ್ಟ ಬಹುಕಾಲ ಎತ್ತರದಲ್ಲಿದ್ದರೆ ಬೆಳಕು ಸಿಗದೆ, ರಂಜಕ ಹೀರಿ ಕೆಸರನ್ನು ಹಿಡಿದಿಡುವ ತಳದ ಜಲಸಸ್ಯಗಳು ಸಾಯುತ್ತವೆ. ಮಟ್ಟ ಇಳಿಸಲೆಂದು ನೀರನ್ನು ಸೇಂಟ್ ಲೂಸಿ, ಕಲೂಸಹ್ಯಾಚಿ ನದಿಗಳಿಗೆ ಒಮ್ಮೆಲೇ ಬಿಟ್ಟರೆ ಅವು ಕಡಲು ಸೇರುವ ಅಳಿವೆಗಳು ಕೆಡುತ್ತವೆ. ಸರೋವರದ ನೀರಿನ ಮಟ್ಟ ನಿರ್ವಹಿಸುವ 2024ರ ನಿಯಮಾವಳಿಯು ದಕ್ಷಿಣದ ಜೌಗು ಪ್ರದೇಶವಾದ ಎವರ್‌ಗ್ಲೇಡ್ಸ್‌ನತ್ತ ಹೆಚ್ಚು ನೀರು ಕಳಿಸಲು ಅವಕಾಶ ನೀಡಿದೆ, ಆದರೆ ಅದು ಮೊದಲು ಜೊಂಡು ಬೆಳೆದ ಶುದ್ಧೀಕರಣ ಜೌಗುಗಳನ್ನು ಹಾಯಬೇಕು.

ಉತ್ತರ 3: ಮಣ್ಣು ಪರೀಕ್ಷಿಸದೆ ರಂಜಕ ಹಾಕುವುದನ್ನೂ ನಿಲ್ಲಿಸಬೇಕು.