ಅಪ್‌ಡೇಟ್: ಚಿಂಚೋಳಿ ಗುಡ್ಡದ ಹಾರದ ಜೀರುಂಡೆಗೆ ಹೆಸರು ಸಿಕ್ಕಿತು

ಹೋದ ವಾರ ಕೇಳಿದ್ದೆನಲ್ಲ, ಚಿಂಚೋಳಿ ಗುಡ್ಡದ ಹಾದಿಯಲ್ಲಿ ಕಂಡ ಕರಿ ಹುಳ ಯಾವುದು ಅಂತ? ಮೈಮೇಲೆ ಬಿಳಿ ಚುಕ್ಕೆ, ಎಷ್ಟು ಅಟ್ಟಿದರೂ ಹಾರದೆ ಓಡುತ್ತಿತ್ತು.

ಉತ್ತರ: ಆಂಥಿಯಾ ಸೆಕ್ಸ್‌ಗುಟ್ಟಾಟಾ. ಆರು ಚುಕ್ಕೆಯ ನೆಲ ಜೀರುಂಡೆ.

‘ಸುಮ್ನೆ ಚುಕ್ಕೆ ಎಣಿಸಿ’ ಎಂದವರಿಗೆ ದೊಡ್ಡ ನಮಸ್ಕಾರ. ಫೋಟೋ ಹಿಗ್ಗಿಸಿ ನೋಡಿದೆ: ಕುತ್ತಿಗೆಯ ಹಿಂದಿನ ಭಾಗದಲ್ಲಿ ಎರಡು, ಬೆನ್ನಿನ ಮೇಲೆ ನಾಲ್ಕು. ಮುಂದೆ ಇಕ್ಕಳದಂಥ ದವಡೆ. ಅಲ್ಲಿಗೆ ಅನುಮಾನ ಮುಗಿಯಿತು. ತೊಗರಿ ಹೂವು ತಿನ್ನುವ ಜೀರುಂಡೆ ಎಂಬ ಸಲಹೆ ಹೊಂದಲಿಲ್ಲ. ಅದರ ಬೆನ್ನ ಮೇಲೆ ಬಣ್ಣದ ಪಟ್ಟೆ ಇರುತ್ತವೆ, ಹಾರುತ್ತದೆ ಕೂಡ. ಇದು ಬೇರೆ ಹುಳಗಳನ್ನು ಬೇಟೆಯಾಡಿ ತಿನ್ನುವ ಜಾತಿ.

ಮೊಬೈಲ್ ಆ್ಯಪ್ ಮಾತ್ರ ‘ಡಾಮಿನೋ ಜಿರಳೆ’ ಅಂದಿತು. ನಕ್ಕುಬಿಟ್ಟೆ. ಆದರೆ ಆ ತಪ್ಪಿಗೂ ಕಾರಣ ಇತ್ತು! ದಕ್ಷಿಣ ಭಾರತದ ಆ ಜಿರಳೆಗೆ ಕಪ್ಪು ಮೈ ಮೇಲೆ ಏಳು ಬಿಳಿ ಚುಕ್ಕೆ. ಈ ಜೀರುಂಡೆಯ ವೇಷ ಹಾಕಿಕೊಂಡು ಶತ್ರುಗಳಿಂದ ತಪ್ಪಿಸಿಕೊಳ್ಳುತ್ತದೆ ಎಂಬುದು ತಜ್ಞರ ಅಂದಾಜು. ಯಾಕೆಂದರೆ ನಮ್ಮ ಜೀರುಂಡೆ ಕೆಣಕಿದರೆ ಹಿಂದಿನಿಂದ ಫಾರ್ಮಿಕ್ ಆಮ್ಲ ಚಿಮ್ಮಿಸುತ್ತದೆ. ಇರುವೆಯಲ್ಲಿ ಇರುವುದೂ ಇದೇ ಆಮ್ಲ.

ಹಾರಲು ಬಾರದ್ದಕ್ಕೆ ಇದೊಂದು ಉಪಾಯ, ಅಲ್ವಾ? ಅವತ್ತು ಜೊತೆಗಿದ್ದ ಕಾಕಾ ‘ತಮ್ಮಾ, ಅದಕ್ಕ ಕೈ ಹಚ್ಚಬ್ಯಾಡ, ಕಣ್ಣಿಗಿ ಹೊಡಿತದ’ ಅಂದಿದ್ದರು. ನಾನೇ ಕೇಳಿರಲಿಲ್ಲ. ಹುಳವನ್ನು ಹಿಡಿಯದೆ ಅಲ್ಲೇ ಬಿಟ್ಟು ಬಂದಿದ್ದೇ ಪುಣ್ಯ.